ಒಂದನೇ ತಾರೀಕಿನ ಮಾಲಕಿ

"ಮಾಲಕಿಯ ಪಾಲಿನ ಹೋಳಿಗೆಯನ್ನೂ ನಾನೇ ತಿನ್ನುತ್ತಿದ್ದೇನೆ. ಯುಗಾದಿಯಿಂದ ಈಚೆಗೆ ಮೂರು ಕಿಲೋ ಏರಿದ್ದೇನೆ. ಇದು ಹೀಗೇ ನಡೆದರೆ ದೀಪಾವಳಿ ಹೊತ್ತಿಗೆ ನನ್ನ ಜಂಪರುಗಳು ಒಂದೂ ಆಗುವುದಿಲ್ಲ. ಅದಕ್ಕೂ ಮೊದಲು ನನ್ನ ಸುಳ್ಳೇ ಬಿಗಿಯಾಗಿ ಹೊಲಿಗೆ ಬಿಚ್ಚಿಕೊಳ್ಳುತ್ತದೇನೋ."

ನಾಗವೇಣಿ ದಿನಚರಿಯಲ್ಲಿ ಇಷ್ಟು ಬರೆದು, ಮತ್ತೆ ಓದಿಕೊಂಡು, 'ಸುಳ್ಳು' ಎಂಬ ಪದದ ಮೇಲೆ ಗೀಟು ಎಳೆದಳು. ಅವಳು ಸುಳ್ಳು ಹೇಳಿರಲಿಲ್ಲ. ಸುಮ್ಮನಿದ್ದಳು, ಅಷ್ಟೆ. ಸುಮ್ಮನಿರುವುದರಲ್ಲಿ ಅವಳಷ್ಟು ಪಳಗಿದವರು ಇಡೀ ರಾಯಚೂರಿನಲ್ಲಿ ಇನ್ನೊಬ್ಬರು ಸಿಗುತ್ತಿರಲಿಲ್ಲ. ಸ್ವಲ್ಪ ಹೊತ್ತು ಪೆನ್ನು ಕಚ್ಚಿ ಕೂತು, ಗೀಟು ಎಳೆದ ಪದವನ್ನೇ ಪಕ್ಕದಲ್ಲಿ ಇನ್ನೊಮ್ಮೆ ಬರೆದಳು. ದಿನಚರಿಯ ಮುಂದೆಯೂ ನಾಟಕ ಮಾಡಿದರೆ ಹೇಗೆ?

ಅವಳು ದೇವದುರ್ಗ ತಾಲೂಕಿನ ಮಸರಕಲ್ಲಿನ ಹುಡುಗಿ. ಬಿ.ಎ. ಮುಗಿಸಿ ರಾಯಚೂರಿಗೆ ಬಂದು ಮೂರು ವರ್ಷವಾಗಿತ್ತು. ತೀನ್ ಕಂದಿಲ್ ವೃತ್ತದ ಹಿಂದಿನ ಓಣಿಯಲ್ಲಿ ಉಮ್ಮೇ ಕುಲ್ಸುಮ್ ಎಂಬ ಟೇಲರಮ್ಮನ ಅಂಗಡಿ. ಅದರ ಮೇಲಿನ ಒಂಟಿ ಕೋಣೆಯಲ್ಲಿ ಅವಳ ವಾಸ, ಅಲ್ಲೇ ಅವಳ ಕೆಲಸ. ಕೆಲಸವೆಂದರೆ ಬರೆಯುವುದು. ಲಗ್ನಪತ್ರಿಕೆಯ ಒಕ್ಕಣೆ, ನಿವೃತ್ತರಾಗುವ ಮಾಸ್ತರರಿಗೆ ಸನ್ಮಾನ ಪತ್ರ, ಹತ್ತಿಬೀಜದ ಪಾಕೀಟಿನೊಳಗೆ ಮಡಿಚಿ ಇಡುವ ಸೂಚನೆಗಳ ಕನ್ನಡ, ಹಳ್ಳಿಹಳ್ಳಿ ತಿರುಗುವ ಪ್ರಚಾರದ ಆಟೋಗಳ ಮಾತು, ಹೀಗೆ ಯಾರು ಏನು ಕೇಳಿದರೂ ಬರೆದು ಮೊಬೈಲಿನಲ್ಲಿ ಕಳಿಸುತ್ತಿದ್ದಳು. ಒಮ್ಮೆ ಬಾಗಲವಾಡದ ಬೀಜದಂಗಡಿಯ ಆಟೋ ಅವಳೇ ಬರೆದ ಮಾತುಗಳನ್ನು ಮೈಕಿನಲ್ಲಿ ಒದರುತ್ತ ಎದುರಿಗೇ ಬಂದುಬಿಟ್ಟಿತ್ತು. ನಾಗವೇಣಿ ಓಡಿಹೋಗಿ ಬಾಳೆಹಣ್ಣಿನ ಬಂಡಿಯ ಮರೆಗೆ ನಿಂತಿದ್ದಳು. ಬರೆದವಳು ಯಾರೆಂದು ಯಾರಿಗೂ ಗೊತ್ತಾಗುವಂತಿರಲಿಲ್ಲ. ಆದರೂ ಕೆನ್ನೆ ಕಾದಿತ್ತು.

ಬರಹದ ರೊಕ್ಕ ನಳದ ನೀರಿನ ಹಾಗೆ. ಬಂದ ದಿನ ಕೊಡಗಳು ಸಾಲವು. ಬಾರದ ದಿನ ನಳದ ಬಾಯಿಗೆ ಕಿವಿಯಿಟ್ಟು ಕೂಡಬೇಕು. ಮೊದಲ ವರ್ಷ ಇದು ಅವಳಿಗೆ ತಿಳಿದಿರಲಿಲ್ಲ. ಲಗ್ನಗಳ ಸುಗ್ಗಿಯಲ್ಲಿ ಒಂದೇ ತಿಂಗಳಿಗೆ ಇಪ್ಪತ್ತೆರಡು ಸಾವಿರ ಬಂತು. ಅವ್ವನಿಗೆ ಸೀರೆ, ಅಪ್ಪನಿಗೆ ಕೈಗಡಿಯಾರ, ತನಗೊಂದು ಮೊಬೈಲು ತಗೊಂಡು ರಾಣಿಯ ಹಾಗೆ ತಿರುಗಾಡಿದಳು. ಆಷಾಢ ಬಂತು. ಆಷಾಢದಲ್ಲಿ ಯಾರು ಲಗ್ನ ಮಾಡುತ್ತಾರೆ, ಯಾರು ಹೊಸ ಮನೆ ಹೊಗುತ್ತಾರೆ? ಲಗ್ನಪತ್ರಿಕೆ ಅಚ್ಚು ಹಾಕುವ ಮಾನ್ವಿಯ ಪ್ರೆಸ್ಸಿನವರು ಮೆಸೇಜು ಮಾಡುವುದನ್ನೇ ಬಿಟ್ಟರು. ಬೀಜದ ಕಂಪನಿಯವರು ಬಿಲ್ಲು ಕೊಟ್ಟ ಮೇಲೆ ತೊಂಬತ್ತು ದಿನ ಕಾಯಬೇಕೆಂದರು. ರಾಣಿ ಹದಿನೈದು ದಿನ ಬರೀ ಮಂಡಕ್ಕಿ ತಿಂದಳು.

ಕೆಳಗಿನ ಕುಲ್ಸುಮ್ ಆಪಾ ಅದನ್ನು ಕಂಡುಹಿಡಿದದ್ದು ಕಸದ ಬುಟ್ಟಿಯ ಮಂಡಕ್ಕಿ ಪೊಟ್ಟಣಗಳಿಂದ. ಒಂದು ಮಧ್ಯಾಹ್ನ ತಟ್ಟೆ ತುಂಬ ಅನ್ನ, ಹುಣಸೆಹುಳಿಯ ಖಟ್ಟಾ ಹಾಕಿ ಕೂಡಿಸಿ, ಉಂಡು ಕೈ ತೊಳೆದ ಮೇಲೆ ಶುರು ಮಾಡಿದಳು. ಇಪ್ಪತ್ತೊಂಬತ್ತು ವರ್ಷದಿಂದ ಮಿಷನ್ನು ತುಳಿದು ಮೂರು ಹೆಣ್ಣುಮಕ್ಕಳನ್ನು ದಡ ಮುಟ್ಟಿಸಿದವಳು ಅವಳು. ರೊಕ್ಕದ ವಿಷಯದಲ್ಲಿ ಅವಳ ಮಾತಿಗೆ ಮೊಳ ಹಾಕಿ ಅಳೆದಷ್ಟು ಖಚಿತವಿತ್ತು.

"ಅಂಗಡಿ ರೊಕ್ಕಕ್ಕೂ ಹೊಟ್ಟಿ ರೊಕ್ಕಕ್ಕೂ ಒಂದ ಗಲ್ಲಾ ಇಟ್ರ, ಹೊಟ್ಟಿ ಅನ್ನೋದು ಅಂಗಡೀನ ತಿಂದು ಬಿಡ್ತದ ಬೇಟಿ. ನೀ ಅಂಗಡಿ ಬ್ಯಾರೆ ಮಾಡು. ಆ ಅಂಗಡ್ಯಾಗ ನೀನ ಪಗಾರದಾಕಿ ಆಗು. ಮೇ ತಿಂಗಳದಾಗ ಇಪ್ಪತ್ತು ಬರಲಿ, ಆಷಾಢದಾಗ ಎರಡ ಬರಲಿ, ನಿನಗ ಪಗಾರ ಅಷ್ಟ."

ಹೀಗೆ ಬರಹದಂಗಡಿ ಬೇರೆಯಾಯಿತು. ಉದ್ಯಮದ ನೋಂದಣಿ ಮಾಡಿಸಿಕೊಂಡು ಬ್ಯಾಂಕಿಗೆ ಹೋಗಿ ಚಾಲ್ತಿ ಖಾತೆ ತೆರೆದಳು. ಈ ನೋಂದಣಿಯ ಅರ್ಜಿಯಲ್ಲಿ 'ಸಂಸ್ಥೆಯ ಹೆಸರು' ಎಂಬ ಗೆರೆಯ ಮುಂದೆ ತನ್ನ ಹೆಸರನ್ನೇ ಬರೆಯಲು ಅವಳಿಗೆ ಧೈರ್ಯ ಬರಲಿಲ್ಲ. ಯಾರೋ ನೋಡಿ, ಓಹೋ, ನೀನೂ ಒಂದು ಸಂಸ್ಥೆಯೇನು ಎಂದು ಕೇಳಿದಂತಾಯಿತು. ಅರ್ಜಿ ತುಂಬುವ ಕಂಪ್ಯೂಟರ್ ಅಂಗಡಿಯಲ್ಲಿ ಅವಳ ಹಿಂದೆ ಸಾಲು ಬೆಳೆದಿತ್ತು. ಆ ಗಡಿಬಿಡಿಯಲ್ಲಿ ಹೊಳೆದದ್ದು ಸತ್ತುಹೋದ ಅಜ್ಜಿಯ ಹೆಸರು. ಮಂದಿಯ ಹೊಲಗಳಲ್ಲಿ ಹತ್ತಿ ಬಿಡಿಸಿ ಬದುಕಿದ, ಜೀವಮಾನವಿಡೀ ಹೆಬ್ಬೆಟ್ಟು ಒತ್ತಿದ ಅಜ್ಜಿ. 'ಹನುಮಂತಮ್ಮ ಬರಹ ಸೇವೆ' ಎಂದು ಬರೆದಳು.

ಅಂದಿನಿಂದ ಬಂದದ್ದೆಲ್ಲ ಹನುಮಂತಮ್ಮನ ಖಾತೆಗೆ. ಅದಕ್ಕೆಂದೇ ಬೇರೆ ಸಿಮ್ ಕಾರ್ಡು, ಬೇರೆ ಬಿಲ್ ಪುಸ್ತಕ. ಕಂಪನಿಗಳು ಮುರಿದುಕೊಂಡ ತೆರಿಗೆ ವಾಪಸು ತರಿಸಿಕೊಳ್ಳಲು ವರ್ಷಕ್ಕೊಮ್ಮೆ ರಿಟರ್ನು. ತಿಂಗಳ ಒಂದನೇ ತಾರೀಕು ಬೆಳಿಗ್ಗೆ ಹನುಮಂತಮ್ಮ ನಾಗವೇಣಿಗೆ ಒಂಬತ್ತು ಸಾವಿರ ಪಗಾರ ಕೊಡುತ್ತಿದ್ದಳು. ಮಿಕ್ಕಿದ್ದು ಬರಗಾಲದ ತಿಂಗಳಿಗೆ, ಲ್ಯಾಪ್‌ಟಾಪು ಕೈಕೊಟ್ಟರೆ ಅದಕ್ಕೆ. ದಿನಚರಿಯಲ್ಲಿ ಇಬ್ಬರೂ ಮಾತಾಡತೊಡಗಿದರು. ಜ್ವರ ಬಂದಾಗ ಕೆಲಸದಾಕೆ ಎರಡು ದಿನ ರಜೆ ಕೇಳಿದಳು. ಮಾಲಕಿ, ಒಂದೂವರೆ ದಿನ ತಗೋ, ಮಾನ್ವಿಯ ಕಾರ್ಡು ಬಾಕಿ ಇದೆ ಎಂದಳು. ಎದುರು ಯಾರಾದರೂ ಇದ್ದರೆ ನಾಲ್ಕು ಮಾತಿಗೆ ತಡವರಿಸುವ ಹುಡುಗಿ, ಕಾಗದದ ಮೇಲೆ ತನ್ನೊಡನೆ ತಾನೇ ಚೌಕಾಶಿ ಮಾಡುತ್ತಿದ್ದಳು.

ಎಲ್ಲ ಸರಿಯಾಗಿತ್ತು. ಒಂದೇ ಒಂದು ಸಂಗತಿಯನ್ನು ಅವಳು ಮರೆತಿದ್ದಳು. ಪಗಾರ ಬೀಳುತ್ತಿದ್ದ ಖಾತೆ ಹೈಸ್ಕೂಲಿನಲ್ಲಿದ್ದಾಗ ಸ್ಕಾಲರ್‌ಶಿಪ್ಪಿಗೆಂದು ತೆರೆದದ್ದು. ಅದಕ್ಕೆ ಕೊಟ್ಟ ಫೋನ್ ನಂಬರು ಅಪ್ಪನದು.

ಅಪ್ಪ ಪಂಪಾಪತಿ ದೇವದುರ್ಗದ ಒಂದು ಹಾಸ್ಟೆಲ್ಲಿನಲ್ಲಿ ಅಡಿಗೆಯವನು. ಕೆಲಸ ಕಾಯಂ ಆಗುವ ಮೊದಲು ಹತ್ತೊಂಬತ್ತು ವರ್ಷ ದಿನಗೂಲಿಯ ಮೇಲೆ ಇನ್ನೂರು ಹುಡುಗರಿಗೆ ರೊಟ್ಟಿ ಬಡಿದವನು. ಕೂಲಿ ಕೆಲವೊಮ್ಮೆ ಮೂರು ತಿಂಗಳಿಗೆ, ಕೆಲವೊಮ್ಮೆ ಏಳು ತಿಂಗಳಿಗೆ ಬರುತ್ತಿತ್ತು. ಹಾಗಾಗಿ ಅವನ ಲೆಕ್ಕದಲ್ಲಿ ಮನುಷ್ಯರು ಎರಡೇ ಜಾತಿ: ಒಂದನೇ ತಾರೀಕು ಪಗಾರ ಬರುವವರು, ಬಾರದವರು. ಮಗಳು ರಾಯಚೂರಿನಲ್ಲಿ 'ಏನೋ ಬರೀತಾಳ' ಎಂದು ಹೇಳಿಕೊಳ್ಳಲು ಅವನಿಗೆ ಮುಜುಗರವಿತ್ತು. ಅಂಥದರಲ್ಲಿ ಒಂದು ಒಂದನೇ ತಾರೀಕು ಫೋನು ಟಿಣ್ ಅಂದಿತು. ವಾರ್ಡನ್ನರು ಓದಿ ಹೇಳಿದರು: ನಿನ್ನ ಮಗಳ ಖಾತೆಗೆ ಒಂಬತ್ತು ಸಾವಿರ ಜಮಾ, ಕೊಟ್ಟವರು ಹನುಮಂತಮ್ಮ ಬರಹ ಸೇವೆ.

ಆ ದಿನ ಅಪ್ಪ ಫೋನು ಮಾಡಿದ. ಅವಳು ಎತ್ತಿದ ಕೂಡಲೇ ಹೇಳಿದ: "ನಮ್ಮವ್ವ ಮಂದಿ ಹೊಲದಾಗ ಕೂಲಿ ಮಾಡಿ ಸತ್ತಳು. ಈಗ ಅಕಿ ಹೆಸರಿನಾಕಿ ನನ್ನ ಮಗಳಿಗೆ ಪಗಾರ ಕೊಡಾಕತ್ತಾಳ. ಋಣ ಅಂದ್ರ ಇದ ನೋಡವ್ವಾ."

ನಾಗವೇಣಿ "ಹ್ಞೂಂ" ಅಂದಳು. ಅವಳ ಬಾಯಿಂದ ಎಲ್ಲಕ್ಕಿಂತ ಸಲೀಸಾಗಿ ಹೊರಡುವ ಪದ ಅದು.

ಆ ಒಂದು ಹ್ಞೂಂ ಇಪ್ಪತ್ತೆರಡು ತಿಂಗಳು ಬೆಳೆಯಿತು. ಅಪ್ಪ ಹಾಸ್ಟೆಲ್ಲಿನ ಹುಡುಗರಿಗೆಲ್ಲ ಪೇಡೆ ಹಂಚಿದ. ಅವ್ವ ವೆಂಕಮ್ಮ ಊರಿನ ಬಸ್ಸಿನಲ್ಲಿ ಬುತ್ತಿ ಕಳಿಸುವಾಗಲೆಲ್ಲ ಎರಡು ಗಂಟು ಕಟ್ಟತೊಡಗಿದಳು: ಒಂದು ಮಗಳಿಗೆ, ಒಂದು ಮಾಲಕಿಗೆ. ಮಾಲಕಿಯ ಗಂಟೇ ದೊಡ್ಡದಿರುತ್ತಿತ್ತು. ಶೇಂಗಾ ಹೋಳಿಗೆ ಹೇಗಿತ್ತಂತೆ, ಮಾಲಕಿಗೆ ಖಾರ ನಡೆಯುತ್ತದೋ ಇಲ್ಲವೋ, ಮಕ್ಕಳೆಷ್ಟು ಎಂದು ಅವ್ವ ಕೇಳಿದರೆ, ನಾಗವೇಣಿ ಛಲೋ, ಹ್ಞೂಂ, ಇಲ್ಲ ಎಂದು ಒಂದೊಂದೇ ಪದದಲ್ಲಿ ದಾಟುತ್ತಿದ್ದಳು. ಮಾಲಕಿಗೆ ಮಕ್ಕಳಿಲ್ಲವೆಂದು ತಿಳಿದು ಅವ್ವ ಮರುಗಿದಳು. ಮುಂದಿನ ಗಂಟಿನಲ್ಲಿ ಇನ್ನೂ ನಾಲ್ಕು ಹೋಳಿಗೆ ಹೆಚ್ಚಾದವು.

ನಡುವಿನ ಒಂದು ಆಷಾಢ ಕೂಡಿಟ್ಟದ್ದರಲ್ಲಿ ದಾಟಿತ್ತು; ಅಷ್ಟರಲ್ಲಿ ಮತ್ತೆ ಆಷಾಢ ಬಂತು. ಈ ಸಲ ಅದು ಸಿದ್ಧವಾಗಿರದ ಬಾಗಿಲನ್ನು ತಟ್ಟಿತು. ಲ್ಯಾಪ್‌ಟಾಪಿನ ಪರದೆ ಒಡೆದು ಏಳು ಸಾವಿರ ಹೋಗಿತ್ತು. ಬೀಜದ ಕಂಪನಿಯ ತೊಂಬತ್ತು ದಿನ ಇನ್ನೂ ಮುಗಿದಿರಲಿಲ್ಲ. ಮಾನ್ವಿಯ ಪ್ರೆಸ್ಸಿನ ವಿರೂಪಣ್ಣ ಯುಗಾದಿಯಿಂದ ಈಚಿನ ಹದಿನೇಳು ಕಾರ್ಡುಗಳ ಆರು ಸಾವಿರ ಕೊಡಬೇಕಿತ್ತು. ಅವನಿಗೆ ಎರಡು ಸಲ ಮೆಸೇಜು ಟೈಪು ಮಾಡಿ ಎರಡು ಸಲವೂ ಅಳಿಸಿದ್ದಳು. ಹನುಮಂತಮ್ಮನ ಖಾತೆಯಲ್ಲಿ ಉಳಿದದ್ದು ಹತ್ತು ಸಾವಿರದ ಚಿಲ್ಲರೆ. ಅದರಲ್ಲಿ ಒಂಬತ್ತು ತೆಗೆದರೆ ಶ್ರಾವಣ ಬರುವುದರೊಳಗೆ ಅಂಗಡಿಯ ಉಸಿರು ಹೋಗುತ್ತದೆ. ದಿನಚರಿಯಲ್ಲಿ ಮಾಲಕಿ ಬಹಳ ಹೊತ್ತು ಸಮಜಾಯಿಷಿ ಕೊಟ್ಟಳು, ಕೆಲಸದಾಕೆ ಒಪ್ಪಿದಳು. ಒಂದನೇ ತಾರೀಕು ನಾಲ್ಕೂವರೆ ಸಾವಿರ ಪಗಾರವಾಯಿತು.

ದೇವದುರ್ಗದಲ್ಲಿ ಫೋನು ಟಿಣ್ ಅಂದಿತು.

ಶನಿವಾರ ಅಪ್ಪನ ಕರೆ ಬಂತು. ಈ ಸಲ ಅವನ ದನಿಯಲ್ಲಿ ಋಣದ ಮಾತಿರಲಿಲ್ಲ; ಹತ್ತೊಂಬತ್ತು ವರ್ಷದ ಹಳೆಯ ಗಾಯ ಬಿಚ್ಚಿಕೊಂಡಿತ್ತು. ಅರ್ಧ ಪಗಾರವೆಂದರೇನು, ಯಾವ ಕಾಯ್ದೆಯಲ್ಲಿದೆ, ಇವತ್ತು ಅರ್ಧ ಕೊಟ್ಟವರು ನಾಳೆ ಕಾಲು ಕೊಡುತ್ತಾರೆ, ನಾಡಿದ್ದು ಕೈ ತೋರಿಸುತ್ತಾರೆ ಎಂದ. ರವಿವಾರ ತಾನು ಮತ್ತು ಸುಂಕಪ್ಪ ರಾಯಚೂರಿಗೆ ಬರುತ್ತೇವೆ, ಹನ್ನೊಂದಕ್ಕೆ ಮಾಲಕಿಯನ್ನು ಕುಲ್ಸುಮಮ್ಮನ ಅಂಗಡಿಗೆ ಬರಲು ಹೇಳು ಎಂದ. ಸುಂಕಪ್ಪ ಎಂದರೆ ಅಪ್ಪನ ತಮ್ಮ, ಮಾನ್ವಿಯಲ್ಲಿ ಜೀಪು ಓಡಿಸುವ ಕಾಕಾ. ಅವನು ಅಲ್ಲಿನ ಒಂದು ಆಫೀಸಿನಲ್ಲಿ ನಾಗವೇಣಿಗೆ ಕಂಪ್ಯೂಟರ್ ಕೆಲಸ ನೋಡಿ ಇಟ್ಟಿದ್ದ. ಗುತ್ತಿಗೆಯ ಕೆಲಸ, ಹನ್ನೊಂದು ಸಾವಿರ, ಸೋಮವಾರ ಹಾಜರಾಗಬೇಕು. ಮಾಲಕಿ ಸರಿಯಾಗಿ ಮಾತಾಡದಿದ್ದರೆ ಹುಡುಗಿಯನ್ನು ಸಾಮಾನಿನ ಸಮೇತ ಸಂಜೆ ಐದರ ಬಸ್ಸಿಗೆ ಮಾನ್ವಿಗೆ ಕರೆದೊಯ್ಯುವುದೆಂದು ಅಣ್ಣ ತಮ್ಮ ಮಾತಾಡಿಕೊಂಡಾಗಿತ್ತು.

"ಬರಾಕ ಹೇಳ್ತಿ ಹೌದಿಲ್ಲೋ?" ಎಂದು ಅಪ್ಪ ಕೇಳಿದ.

"ಹ್ಞೂಂ."

ಫೋನು ಇಟ್ಟು ದಡಬಡ ಎದ್ದಳು. ಕೆಳಗಿಳಿದು ಹೋಗಿ ಕುಲ್ಸುಮ್ ಆಪಾಳ ಮುಂದೆ ನಿಂತು, ಒಂದೇ ಉಸಿರಿಗೆ, ನಾಳೆ ಒಂದು ತಾಸು ಹನುಮಂತಮ್ಮ ಆಗುತ್ತೀರಾ ಎಂದು ಕೇಳಿದಳು. ಕುಲ್ಸುಮ್ ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದಿಟ್ಟಳು.

"ಬುರ್ಖಾ ತಗದು ಕುಂಕುಮ ಹಚ್ಚಿ ಬರಲೇನು? ನಿಮ್ಮಪ್ಪ ನನ್ನ ಗುರುತ ಹಿಡ್ಯಾಂಗಿಲ್ಲೇನು? ನಾ ನಿನ್ನ ಮಾಲಕಿ ಆಗಿದ್ರ ಒಂಬತ್ತು ಎಲ್ಲಿ ಕೊಡ್ತಿದ್ದೆ, ಏಳೂವರಿಗೆ ಮುಗಸ್ತಿದ್ದೆ. ಅಕಿ ದಿಲ್‌ದಾರ್ ಹೆಂಗಸು. ಅಕಿ ವೇಷ ನನಗ ಒಪ್ಪಾಂಗಿಲ್ಲ."

ರವಿವಾರ ಬೆಳಿಗ್ಗೆ ನಾಗವೇಣಿ ದಿನಚರಿಯಲ್ಲಿ ಮೂರು ಬಗೆಯ ಉತ್ತರ ಬರೆದುಕೊಂಡಳು. ಮಾಲಕಿ ಹೈದರಾಬಾದಿಗೆ ಹೋಗಿದ್ದಾರೆ. ಮಾಲಕಿಗೆ ಮೈ ಸರಿಯಿಲ್ಲ. ಮಾಲಕಿಯ ಸಂಬಂಧಿಕರು ತೀರಿಕೊಂಡಿದ್ದಾರೆ. ಮೂರನೆಯದನ್ನು ಓದಿ ಅವಳಿಗೇ ಹೆದರಿಕೆಯಾಯಿತು. ಹಾಗೆಂದರೆ ಅಪ್ಪ ಸಾಂತ್ವನ ಹೇಳಲು ಮನೆಗೇ ಹೊರಡುತ್ತಾನೆ. ಮೂರನ್ನೂ ಹೊಡೆದುಹಾಕಿದಳು.

ಹನ್ನೊಂದಕ್ಕೆ ಹತ್ತು ನಿಮಿಷ ಮೊದಲೇ ಅವರು ಬಂದರು. ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದ. ಒಂದು ಕೈಯಲ್ಲಿ ಅವ್ವನ ಗಂಟು. ಜಗಳಕ್ಕೆ ಹೊರಟವನ ಕೈಯಲ್ಲೂ ಅವ್ವ ಮಾಲಕಿಯ ಪಾಲು ಕೊಟ್ಟು ಕಳಿಸಿದ್ದಳು. ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ತನ್ನ ಹಳೆಯ ಅರ್ಜಿಗಳ ಫೈಲು. ಹೆದರಿಸಲು ತಂದದ್ದೋ, ಧೈರ್ಯಕ್ಕೆ ತಂದದ್ದೋ ಅವನಿಗೇ ಗೊತ್ತಿರಲಿಲ್ಲ. ಸುಂಕಪ್ಪ ಕಾಕಾ ಮಾತ್ರ ಬಸ್ಸಿನಲ್ಲೇ ಮಾತು ಮಸೆದುಕೊಂಡು ಬಂದಿದ್ದ.

ಅಪ್ಪ ಚಪ್ಪಲಿಯನ್ನು ಅಂಗಡಿಯ ಹೊರಗೆ ಬಿಟ್ಟು, ಗಿರಾಕಿಗಳ ಬೆಂಚಿನ ತುದಿಯಲ್ಲಿ ಕೂತ. ಪೂರಾ ಕೂಡಲಿಲ್ಲ, ಯಾರಾದರೂ ಒಳಗಿನಿಂದ ಕರೆದರೆ ತಟ್ಟನೆ ಏಳಲು ಬರುವಂತೆ, ಅರ್ಧ ಮಾತ್ರ. ಫೈಲನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಬಾಗಿಲ ಕಡೆ ನೋಡತೊಡಗಿದ. ಸಾಹೇಬರ ಕೋಣೆಗಳ ಹೊರಗೆ ಹತ್ತೊಂಬತ್ತು ವರ್ಷ ಅವನು ಹೀಗೇ ಕೂತಿದ್ದನೆಂದು ನಾಗವೇಣಿಗೆ ಅವ್ವ ಹೇಳಿದ್ದಳು. ಕಣ್ಣಾರೆ ಕಂಡದ್ದು ಇದೇ ಮೊದಲು. ಕಾಯುತ್ತಿರುವುದು ತನಗಾಗಿ ಎಂದು ಅವಳಿಗೊಬ್ಬಳಿಗೇ ಗೊತ್ತಿತ್ತು. ಅವಳು ಹೋಗಿ ಗೋಡೆಗೊರಗಿ ನಿಂತಳು.

ಕುಲ್ಸುಮ್ ಚಹಾ ತರಿಸಿದಳು. ಸುಂಕಪ್ಪ ಚಹಾ ಮುಟ್ಟುವ ಮೊದಲೇ ಶುರು ಹಚ್ಚಿಕೊಂಡ. ಹುಡುಗಿ ಹಗಲೆಲ್ಲ ಬರೆಯುತ್ತಾಳೆ, ಬೆರಳು ಸವೆಸುತ್ತಾಳೆ, ಮಾಲಕಿ ಎಲ್ಲೋ ಫ್ಯಾನಿನ ಕೆಳಗೆ ಕೂತು ಅರ್ಧ ಕೈಗಿಟ್ಟು ಅರ್ಧ ನುಂಗುತ್ತಾಳೆ ಎಂದ. ಮಾನ್ವಿಯ ಕೆಲಸದಲ್ಲಾದರೆ ಗುತ್ತಿಗೆದಾರ ಒಂದನೇ ತಾರೀಕು ಪಕ್ಕಾ ಎಂದ.

"ಗುತ್ತಿಗಿ ಪಕ್ಕಾ ಅಂತ ನೀ ಹೇಳಬ್ಯಾಡ ಸುಂಕಪ್ಪಣ್ಣ," ಎಂದಳು ಕುಲ್ಸುಮ್. "ಗುತ್ತಿಗಿ ಪಕ್ಕಾ ಇದ್ದಿದ್ರ ನಿಮ್ಮಣ್ಣನ ಕೂದಲು ಇಷ್ಟ್ ಲಗೂ ಹಣ್ಣಾಗತಿರಲಿಲ್ಲ."

ಅಪ್ಪ ಸಣ್ಣಗೆ ನಕ್ಕ. ಆಮೇಲೆ ಮೆಲ್ಲಗೆ, ಈ ಮಾಲಕಿ ಎಂಥ ಹೆಂಗಸು ಎಂದು ಕೇಳಿದ. ಕುಲ್ಸುಮ್ ಕತ್ತರಿ ಕೆಳಗಿಟ್ಟಳು. ನಾಗವೇಣಿಯ ಕಡೆ ತಪ್ಪಿಯೂ ನೋಡದೆ ಹೇಳತೊಡಗಿದಳು. ಉದ್ರಿಯಲ್ಲಿ ಒಂದು ಲೋಟ ಚಹಾ ಕುಡಿದವಳಲ್ಲ. ಕೋಣೆಯ ಬಾಡಿಗೆ ಒಂದು ದಿನ ತಡವಾಗಿಲ್ಲ. ಬಿಲ್ಲುಗಳನ್ನೆಲ್ಲ ನಂಬರು ಹಾಕಿ ಇಟ್ಟಿದ್ದಾಳೆ. ಆಷಾಢದಲ್ಲಿ ನಾನೇ ಕೈಕೆಳಗಿನ ಇಬ್ಬರು ಹುಡುಗಿಯರನ್ನು ತಿಂಗಳ ಮಟ್ಟಿಗೆ ಮನೆಗೆ ಕಳಿಸಿದೆ. ಈಕೆ ಕೆಲಸದಾಕೆಯನ್ನು ಬಿಡಿಸಲಿಲ್ಲ, ಇದ್ದದ್ದರಲ್ಲೇ ಅರ್ಧ ಕೊಟ್ಟಳು. ನುಂಗಲು ಅಲ್ಲಿ ಏನೂ ಉಳಿದಿಲ್ಲ, ಉಳಿದದ್ದು ಅಂಗಡಿಯ ದೀಪ ಆರದಿರಲಿ ಎಂಬಷ್ಟೇ.

"ಐಬು ಅಂದ್ರ ಒಂದ ಐತಿ ನೋಡಣ್ಣ. ಬರಬೇಕಾದ ರೊಕ್ಕ ಬಾಯಿಬಿಟ್ಟು ಕೇಳಾಂಗಿಲ್ಲ."

ಇದಕ್ಕೆ ಸುಂಕಪ್ಪ ತೊಡೆ ತಟ್ಟಿದ. ಅದು ನಿಜ ಎಂದು ತನಗೂ ಗೊತ್ತಾಗಿದೆ ಎಂದ. ನಿನ್ನೆ ಮಾನ್ವಿಯಲ್ಲಿ ಮಾಲಕಿಯ ಗಿರಾಕಿಯಾದ ಪ್ರೆಸ್ಸಿನ ವಿರೂಪಣ್ಣನ ಹತ್ತಿರ ವಿಚಾರಿಸಿದ್ದನಂತೆ. ಅವನು ನಗುತ್ತ, ನಾನೇ ಆರು ಸಾವಿರ ಕೊಡಬೇಕು ಮಾರಾಯಾ, ಕೇಳಿದರೆ ಇವತ್ತೇ ಕೊಡುತ್ತೇನೆ, ಆ ಯಮ್ಮ ಕೇಳುವುದೇ ಇಲ್ಲ, ಎರಡು ವರ್ಷದಲ್ಲಿ ಅವಳ ದನಿ ಹೇಗಿದೆ ಎಂದೇ ನಾನು ಕೇಳಿಲ್ಲ ಅಂದನಂತೆ.

"ಇಂಥಾ ನಾಚಿಕಿ ಮಾಲಕಿ ಕೈಯಾಗ ನಮ್ಮ ಹುಡುಗಿ ಸಿಕ್ಕಾಳ ನೋಡಣ್ಣ. ಅಕಿ ಬಾಯಿ ತಗೀವಲ್ಲಳು, ಇಕಿಗೆ ಪಗಾರ ಮುಟ್ಟವಲ್ದು."

ನಾಗವೇಣಿ ತಲೆ ತಗ್ಗಿಸಿದಳು. ಕಾಕಾನ ಮಾತು ಬಂದು ನೆಟ್ಟಗೆ ನಾಟಿತ್ತು. ಇಷ್ಟು ದಿನ ತನ್ನ ನಾಚಿಕೆ ತನಗೊಬ್ಬಳಿಗೆ ಸೇರಿದ್ದು, ಅದರಿಂದ ಯಾರಿಗೂ ನಷ್ಟವಿಲ್ಲ ಎಂದುಕೊಂಡಿದ್ದಳು. ಈಗ ನೋಡಿದರೆ ನಾಚಿಕೆಗೂ ಒಂದು ಬೆಲೆ ಬಿದ್ದಿತ್ತು: ಆರು ಸಾವಿರ. ಮಾಲಕಿ ಒಂದು ಫೋನು ಮಾಡಿದ್ದರೆ ಕೆಲಸದಾಕೆಗೆ ಪೂರಾ ಪಗಾರವಾಗುತ್ತಿತ್ತು, ಅಪ್ಪ ಈ ಬೆಂಚಿನ ಮೇಲೆ ಅರ್ಧ ಕೂತಿರುತ್ತಿರಲಿಲ್ಲ.

ಹನ್ನೊಂದೂಕಾಲಾಯಿತು. ಸುಂಕಪ್ಪನ ತಾಳ್ಮೆ ತೀರಿತು. ವಿರೂಪಣ್ಣನ ಹತ್ತಿರ ಮಾಲಕಿಯ ನಂಬರು ತಂದಿದ್ದೇನೆ, ಈಗಲೇ ಹಚ್ಚುತ್ತೇನೆ ಎಂದು ಮೊಬೈಲು ತೆಗೆದ. ಆ ಸಿಮ್ ನಾಗವೇಣಿಯ ಕೈಯಲ್ಲಿದ್ದ ಮೊಬೈಲಿನಲ್ಲೇ ಇತ್ತು. ರಿಂಗಿನ ಸದ್ದು ಆರಿಸಿದ್ದಳು, ಆದರೆ ಫೋನು ದುಪಟ್ಟಾದೊಳಗೆ ಹಿಡಿದ ಜೀರುಂಡೆಯ ಹಾಗೆ ಗುಂಯ್ ಗುಂಯ್ ಎನ್ನತೊಡಗಿತು. ಕುಲ್ಸುಮ್ ಬಗ್ಗಿ ಮಿಷನ್ನಿನ ಮೋಟರು ಹಾಕಿ ಜೋರಾಗಿ ಓಡಿಸಿದಳು. ಸೂಜಿಯ ಕೆಳಗೆ ಬಟ್ಟೆಯಿರಲಿಲ್ಲ.

"ಏನ್ ಹೊಲಿಯಾಕತ್ತೀ ಕುಲ್ಸುಮಕ್ಕ?" ಎಂದ ಸುಂಕಪ್ಪ, ಒಂದು ಕಿವಿಗೆ ಬೆರಳಿಟ್ಟುಕೊಂಡು.

"ಮಿಷನ್ ಹಗುರ ಆತೇನು ನೋಡಾಕತ್ತೀನಿ, ಎಣ್ಣಿ ಬಿಟ್ಟಿದ್ದೆ," ಎಂದಳು ಅವಳು, ಮುಖ ಗಂಭೀರವಾಗಿಯೇ ಇಟ್ಟುಕೊಂಡು.

ಫೋನು ಸುಮ್ಮನಾಯಿತು. ಮಿಷನ್ನೂ ಸುಮ್ಮನಾಯಿತು. ಮಾಲಕಿ ಎತ್ತುತ್ತಿಲ್ಲವೆಂದು ಸುಂಕಪ್ಪ ಅಣ್ಣನಿಗೆ ವರದಿ ಒಪ್ಪಿಸಿದ. ಇನ್ನೇನು ನೋಡುವುದಿದೆ, ತಪ್ಪಿತಸ್ಥರು ಎತ್ತುವುದಿಲ್ಲ, ಹುಡುಗಿ ಸಾಮಾನು ಕಟ್ಟಲಿ ಎಂದ. ನಾಗವೇಣಿಗೆ ಮಾನ್ವಿಯ ಆ ಆಫೀಸು ಕಣ್ಣಿಗೆ ಕಟ್ಟಿತು: ದಿನವಿಡೀ ಯಾರದೋ ಹೆಸರು, ಯಾರದೋ ಸರ್ವೆ ನಂಬರು ಬೆರಳಚ್ಚು ಮಾಡುವುದು. ಅದು ಕೆಟ್ಟ ಕೆಲಸವೇನಲ್ಲ. ಆದರೆ ಮೊನ್ನೆ ನೀರಮಾನ್ವಿಯ ಒಬ್ಬ ಮಾಸ್ತರರ ಸನ್ಮಾನ ಪತ್ರ ಬರೆಯುವಾಗ, 'ಮಳೆಗಾಲದಲ್ಲಿ ಹಳ್ಳದಾಚೆಯ ಮಕ್ಕಳನ್ನು ಹೆಗಲ ಮೇಲೆ ಹೊತ್ತು ತಂದವರು' ಎಂಬ ಸಾಲು ಬಂದಾಗ ತನ್ನ ಮೈ ಜುಮ್ಮೆಂದದ್ದು ನೆನಪಾಯಿತು. ಆ ಸಾಲು ಓದಿಸಿಕೊಂಡು ಮಾಸ್ತರರು ವೇದಿಕೆಯ ಮೇಲೇ ಅತ್ತರಂತೆ. ಅದನ್ನು ಬಿಟ್ಟು ಐದರ ಬಸ್ಸು ಹತ್ತುವುದು ಹೇಗೆ?

ಅಪ್ಪ ಈಗ ಫೈಲನ್ನು ಬೆಂಚಿನ ಮೇಲಿಟ್ಟು, ತಮ್ಮನಿಗೆ ಕೂಡಲು ಸನ್ನೆ ಮಾಡಿದ.

"ಸುಂಕ್ಯಾ, ಕುಂಡ್ರು. ಅಕಿನೂ ಹೆಣ್ಣಮಗಳು. ಒಬ್ಬಾಕಿ ಅಂಗಡಿ ನಡಸಾಕತ್ತಾಳ." ಅವನು ಲೋಟದ ತಳದಲ್ಲಿ ಉಳಿದ ಚಹಾವನ್ನೇ ನೋಡುತ್ತಿದ್ದ. "ನನಗ ಏಳು ತಿಂಗಳು ಕೂಲಿ ಬರಲಿಲ್ಲ ನೋಡು, ಆವಾಗ ನನಗ ಸಿಟ್ಟು ಬಂದದ್ದು ರೊಕ್ಕಕ್ಕಲ್ಲ. ಒಬ್ಬ ಸಾಹೇಬರಾದ್ರೂ ಹೊರಗ ಬಂದು, ಪಂಪಾಪತಿ, ಈ ತಿಂಗಳ ಇಲ್ಲಪಾ, ಬರೋ ತಿಂಗಳ ನೋಡೋಣು ಅಂತ ಮಾರಿ ನೋಡಿ ಹೇಳಿದ್ರ, ಇನ್ನ ಏಳು ತಿಂಗಳು ರೊಟ್ಟಿ ಬಡೀತಿದ್ದೆ. ಯಾರೂ ಹೇಳಲಿಲ್ಲ. ಒಳಗ ಕುಂತು ಸಾಹೇಬರು ಇಲ್ಲ ಅನ್ಸಿದ್ರು."

ಹೊರಗೆ ಓಣಿಯಲ್ಲಿ ತರಕಾರಿಯವನು ಕೂಗಿಕೊಂಡು ಹೋದ.

"ಅರ್ಧ ಪಗಾರ ತಪ್ಪಲ್ಲ," ಎಂದ ಅಪ್ಪ. "ಇದ್ರ ಕೊಡ್ತಾರ, ಇಲ್ಲಂದ್ರ ಇಲ್ಲ. ಆದ್ರ ಅಕಿ ಬಂದು ನಮ್ಮ ಮಾರಿ ನೋಡಿ ಒಂದ ಮಾತು ಹೇಳಲಿ. ಹೇಳಿದ್ರ ಹುಡುಗಿ ಇಲ್ಲೇ ಇರ್ತಾಳ, ನಾವಿಬ್ರು ಹೋಳಿಗಿ ಕೊಟ್ಟು ಸುಮ್ನ ಬಸ್ ಹತ್ತೂದು. ಹೇಳದ ಅಡಗಿ ಕುಂತ್ರ, ಅಂಥಾಕಿ ಕಡೆ ನನ್ನ ಮಗಳು ಒಂದು ದಿನಾನೂ ಬ್ಯಾಡ." ಆಮೇಲೆ ನಾಗವೇಣಿಯ ಕಡೆ ತಿರುಗಿದ. ಅವನ ದನಿ ಕೇಳಿಕೊಳ್ಳುವವನದಾಯಿತು. "ಯವ್ವಾ, ನೀ ಹೋಗಿ ಕರಕೊಂಡು ಬಾ. ಹೆದರಬ್ಯಾಡ ಅನ್ನು. ನಾ ಜಗಳಾಡಾಂಗಿಲ್ಲ."

ನಾಗವೇಣಿ ಬಾಗಿಲ ಕಡೆ ಎರಡು ಹೆಜ್ಜೆ ಹಾಕಿದಳು. ಓಣಿಯಲ್ಲಿ ಬಿಸಿಲು ಬಿದ್ದಿತ್ತು. ಹೋಗಿ, ಮೂಲೆ ತಿರುಗಿ, ಹತ್ತು ನಿಮಿಷ ಬಿಟ್ಟು ಬಂದು, ಮಾಲಕಿ ಸಿಗಲಿಲ್ಲ ಎಂದರೆ ಯಾರೂ ಅನುಮಾನ ಪಡುತ್ತಿರಲಿಲ್ಲ. ಹೊಸ್ತಿಲ ಆಚೆ ಅಪ್ಪನ ಚಪ್ಪಲಿಗಳು ಜೋಡಿಯಾಗಿ, ಮೂತಿ ಹೊರಗೆ ಮಾಡಿಕೊಂಡು ಕಾದಿದ್ದವು. ಒಳಗೆ ಕೂತು ಸಾಹೇಬರಿಲ್ಲ ಅನ್ನಿಸಿದವರು ಹೇಗಿದ್ದಿರಬಹುದೆಂದು ಎಷ್ಟೋ ಸಲ ಸಿಟ್ಟಿನಿಂದ ಯೋಚಿಸಿದ್ದಳು. ಅವರು ಕೆಟ್ಟವರಾಗಿರಲಿಕ್ಕಿಲ್ಲ, ಬರೀ ಬಾಯಿಲ್ಲದವರಿರಬಹುದು ಎಂದು ಈಗ ಮೊದಲ ಸಲ ಅನಿಸಿತು. ಅವರ ಸಾಲಿನಲ್ಲಿ ತಾನೂ ಒಬ್ಬಳಾಗುವುದು ಮಾತ್ರ ಅವಳಿಗೆ ಬೇಡವಾಗಿತ್ತು.

ಅವಳು ಹಿಂದಿರುಗಿ ಬಂದಳು. ಕುಲ್ಸುಮ್ ಮಿಷನ್ನಿನ ಮೇಲೆ ಕೈಯಿಟ್ಟು ಕೂತಿದ್ದಳು, ಓಡಿಸಲಿಲ್ಲ. ನಾಗವೇಣಿ ಬೆಂಚಿನ ಎದುರಿಗೆ, ಅಪ್ಪನ ಮುಖ ಸರಿಯಾಗಿ ಕಾಣುವಲ್ಲಿ ನಿಂತಳು. ತಲೆಯಲ್ಲಿ ಹ್ಞೂಂ ಎಂಬ ಪದ ಎಂದಿನಂತೆ ಮೊದಲು ಎದ್ದು ನಿಂತಿತು. ಅದನ್ನು ಪಕ್ಕಕ್ಕೆ ಸರಿಸಿದಳು.

"ಯಾಕವ್ವಾ, ಬರಾಂಗಿಲ್ಲಂತ?" ಎಂದು ಅಪ್ಪ ಬೆಂಚಿನಿಂದ ಅರ್ಧ ಎದ್ದ.

"ಬಂದಾಳ, ಯಪ್ಪಾ," ಎಂದಳು ನಾಗವೇಣಿ. ದನಿ ಅವಳೆಣಿಸಿದ್ದಕ್ಕಿಂತ ದೊಡ್ಡದಾಗಿಯೇ ಬಂತು. "ಕುಂಡ್ರು ನೀ, ಸರಿಯಾಗಿ ಕುಂಡ್ರು. ಈ ತಿಂಗಳ ರೊಕ್ಕ ಕಡಿಮಿ ಇತ್ತು, ಅದಕ್ಕ ಅರ್ಧ ಕೊಟ್ಟೆ. ಹನುಮಂತಮ್ಮ ಬರಹ ಸೇವೆದ ಮಾಲಕಿ ನಾನ."